ಪೊಲೀಸರ ಪಾತ್ರ ಮತ್ತು ಪ್ರಭಾವ: 'ಮಾಡಲೇಬೇಕು' ಎಲ್ಲಿ, 'ಮಾಡಬಹುದು' ಎಲ್ಲಿ?

ಪರೀಕ್ಷೆಯಲ್ಲಿ 'ಸಮಾಜದಲ್ಲಿ ಪೊಲೀಸರ ಪಾತ್ರ' ಅಂತ ಪ್ರಶ್ನೆ ಬಂದರೆ ಎಲ್ಲರೂ ಬರೆಯುವ ಉತ್ತರ ಗೊತ್ತೇ ಇದೆ. ಅಪರಾಧ ತಡೆ, ತನಿಖೆ, ಶಾಂತಿ ಸುವ್ಯವಸ್ಥೆ, ಸಂಚಾರ, ಬಂದೋಬಸ್ತ್. ತಪ್ಪೇನಿಲ್ಲ. ಆದರೆ ಅದು ಬರೀ ಕೆಲಸದ ಪಟ್ಟಿ. ಪ್ರಭಾವ ಎಲ್ಲಿಂದ ಬರುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಪ್ರತಿ ಅಂಶದ ಪಕ್ಕದಲ್ಲೂ ಒಂದು ಗುರುತು ಹಾಕಿಕೊಂಡೆ: ಇದು ಪೊಲೀಸರು ಮಾಡಲೇಬೇಕಾದ ಕೆಲಸವೋ, ಮಾಡಬಹುದಾದ ಕೆಲಸವೋ? 'ಮಾಡಬಹುದು' ಇರುವ ಕಡೆ ಅಧಿಕಾರ ಇರುತ್ತದೆ. ಕೋರ್ಟಿನ ತೀರ್ಪುಗಳೂ ಹೆಚ್ಚಾಗಿ ಅಲ್ಲೇ ಸಿಗುತ್ತವೆ.

ಹಿನ್ನೆಲೆ, ಬೇಗ

1829ರಲ್ಲಿ ರಾಬರ್ಟ್ ಪೀಲ್ ಲಂಡನ್‌ನಲ್ಲಿ ಮೆಟ್ರೋಪಾಲಿಟನ್ ಪೊಲೀಸ್ ಶುರು ಮಾಡಿದರು. ಜನರ ಒಪ್ಪಿಗೆಯಿಂದ ನಡೆಯುವ ಪೊಲೀಸ್ ಅನ್ನುವ ಮಾತು ಬಂದರೆ ಈ ಮಾದರಿಯನ್ನೇ ತೋರಿಸುತ್ತಾರೆ. ನಮ್ಮಲ್ಲಿ ಬಂದದ್ದು 1861ರ ಪೊಲೀಸ್ ಕಾಯ್ದೆ. 1857ರ ದಂಗೆ ಮುಗಿದು ಕೆಲವೇ ವರ್ಷ ಆಗಿತ್ತು. ಸರ್ಕಾರಕ್ಕೆ ಬೇಕಾಗಿದ್ದದ್ದು ತನ್ನ ಮಾತು ಕೇಳುವ ಪಡೆ. ಜನರಿಗೆ ಉತ್ತರ ಕೊಡುವ ಪಡೆ ಕಟ್ಟುವ ಯೋಚನೆ ಅದರಲ್ಲಿ ಕಡಿಮೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯ ಪಟ್ಟಿಗೆ ಸೇರಿದೆ. ಕರ್ನಾಟಕಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ತನಿಖೆ, ಬಂಧನದ ವಿಧಾನ ಮಾತ್ರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ನಡೆಯುತ್ತದೆ. ಕೆಳಗೆ ಬರೀ 'ಸಂಹಿತೆ' ಅಂದರೆ ಇದೇ.

ತಲೆ ತಿಂದ ಭಾಗ: ಎರಡು ಜೋಡಿಗಳು

ಸಂಜ್ಞೇಯ–ಅಸಂಜ್ಞೇಯ ಒಂದು ಜೋಡಿ. ಜಾಮೀನು ಸಿಗುವ–ಜಾಮೀನು ರಹಿತ ಇನ್ನೊಂದು ಜೋಡಿ. ಓದುವಾಗ ಇವೆರಡೂ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. 'ಸಂಜ್ಞೇಯ ಅಂದರೆ ದೊಡ್ಡ ಅಪರಾಧ, ಆದ್ದರಿಂದ ಜಾಮೀನು ಇಲ್ಲ, ಆದ್ದರಿಂದ ಎಫ್‌ಐಆರ್ ಆದ ತಕ್ಷಣ ಬಂಧನ.' ಈ ಸರಪಳಿಯ ಒಂದು ಕೊಂಡಿಯೂ ನಿಲ್ಲುವುದಿಲ್ಲ. ನಿಧಾನವಾಗಿ ಬಿಡಿಸೋಣ.

ಮೊದಲ ಜೋಡಿ ಪೊಲೀಸರ ಬಗ್ಗೆ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಅವರು ತನಿಖೆ ಶುರು ಮಾಡಬಹುದಾ? ಹೌದು ಅಂದರೆ ಸಂಜ್ಞೇಯ. ಇಲ್ಲ ಅಂದರೆ ಅಸಂಜ್ಞೇಯ. ಅಸಂಜ್ಞೇಯವಾದರೆ ದೂರನ್ನು ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಹತ್ತಿರ ಕಳಿಸುತ್ತಾರೆ. ಠಾಣೆಯಲ್ಲಿ 'ಎನ್‌ಸಿ (ನಾನ್-ಕಾಗ್ನಿಜಬಲ್, ಅಂದರೆ ಅಸಂಜ್ಞೇಯ) ಮಾಡಿಕೊಂಡಿದ್ದೇವೆ' ಅನ್ನುವುದು ಇದನ್ನೇ.

ಎರಡನೇ ಜೋಡಿ ಆರೋಪಿಯ ಬಗ್ಗೆ. ಜಾಮೀನು ಅವನ ಹಕ್ಕಾ, ಅಥವಾ ಕೋರ್ಟಿನ ವಿವೇಚನೆಯಾ? ಹಕ್ಕಾದರೆ ಠಾಣೆಯಲ್ಲೇ ಜಾಮೀನು ಕೊಟ್ಟು ಬಿಡಬೇಕು. ಇನ್ನು 'ಜಾಮೀನು ರಹಿತ' ಅಂದರೆ ಜಾಮೀನು ಸಿಗುವುದೇ ಇಲ್ಲ ಅಂತಲ್ಲ, ಹಕ್ಕಾಗಿ ಕೇಳಲು ಆಗುವುದಿಲ್ಲ ಅಷ್ಟೇ.

ಈಗ ಉದಾಹರಣೆ ಇಟ್ಟು ನೋಡಿ. ಸುಮ್ನೆ ಒಬ್ಬರಿಗೆ ಹೊಡೆದು ಸಣ್ಣ ಗಾಯ ಮಾಡುವುದು ಅಸಂಜ್ಞೇಯ, ಜಾಮೀನೂ ಸಿಗುತ್ತದೆ. ಕೊಲೆ ಸಂಜ್ಞೇಯ, ಜಾಮೀನು ರಹಿತ. ಇಲ್ಲಿಯವರೆಗೆ ಎರಡೂ ಜೋಡಿ ಒಟ್ಟಿಗೇ ಹೋಗುತ್ತವೆ. ಗೊಂದಲ ಹುಟ್ಟುವುದೂ ಇದರಿಂದಲೇ. ಅಡ್ಡಾದಿಡ್ಡಿ ವಾಹನ ಓಡಿಸುವುದನ್ನು ತೆಗೆದುಕೊಳ್ಳಿ. ಸಂಜ್ಞೇಯ, ಆದರೆ ಜಾಮೀನು ಹಕ್ಕು. ಮೂಳೆ ಮುರಿಯುವಂಥ ತೀವ್ರ ಗಾಯವೂ ಹಾಗೇ. ಈ ಎರಡು ನೆನಪಿದ್ದರೆ ಜೋಡಿಗಳು ಮತ್ತೆ ಅಂಟಿಕೊಳ್ಳುವುದಿಲ್ಲ. ಯಾವುದು ಯಾವ ಗುಂಪು ಅಂತ ಸಂಹಿತೆಯ ಮೊದಲನೇ ಅನುಸೂಚಿಯಲ್ಲಿ ಪಟ್ಟಿಯೇ ಇದೆ, ಊಹಿಸುವ ಅಗತ್ಯ ಇಲ್ಲ.

ಈಗ ಗುರುತು ಹಾಕುವ ಕೆಲಸ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕುವುದು 'ಮಾಡಲೇಬೇಕು'. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತ ಮಾಡಿತು. ಘಟನೆ ನಮ್ಮ ಸರಹದ್ದಿನಲ್ಲಿ ಆಗಿಲ್ಲ ಅಂತ ಠಾಣೆ ವಾಪಸ್ ಕಳಿಸುವ ಹಾಗಿಲ್ಲ. ಘಟನೆ ಎಲ್ಲೇ ಆಗಿದ್ದರೂ ಹೀಗೆ ದಾಖಲಿಸುವುದೇ ಜೀರೋ ಎಫ್‌ಐಆರ್, ಈಗ ಸಂಹಿತೆಯ 173ನೇ ಕಲಮಿನ ಅಡಿಯಲ್ಲಿ ಬರುತ್ತದೆ. ಹಾಕದೇ ಹೋದರೆ ಎಸ್‌ಪಿಗೆ ಲಿಖಿತವಾಗಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಹೊಸ ಕಾನೂನು ಇಲ್ಲಿ ಒಂದು ಸಣ್ಣ 'ಮಾಡಬಹುದು' ಸೇರಿಸಿದೆ. ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮೇಲುನೋಟಕ್ಕೆ ಪ್ರಕರಣ ಇದೆಯಾ ಅಂತ ನೋಡಲು. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಗೆ ಒಳ್ಳೇ ಚರ್ಚೆಯ ಅಂಶ ಇದು. ಸುಳ್ಳು ದೂರು ತಡೆಯಲೂ ಆಗುತ್ತದೆ, ನಿಜವಾದ ದೂರನ್ನು ಎಳೆದಾಡಲೂ ಆಗುತ್ತದೆ.

ಬಂಧನ ಮಾತ್ರ ಪೂರ್ತಿ ಬೇರೆ. ಅದು 'ಮಾಡಬಹುದು'. 1994ರ ಜೋಗಿಂದರ್ ಕುಮಾರ್ ತೀರ್ಪಿನ ಸಾರ ಇಷ್ಟು: ಬಂಧಿಸುವ ಅಧಿಕಾರ ಇರುವುದು ಒಂದು, ಬಂಧಿಸಲು ಸಕಾರಣ ಇರುವುದು ಇನ್ನೊಂದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಬರೆದಿಡಬೇಕು. ಬಂಧನ ಬೇಡ ಅನಿಸಿದರೂ ಕಾರಣ ಬರೆಯಬೇಕು, ಹಾಜರಾಗಲು ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಒತ್ತಿ ಹೇಳಿದ್ದು ಇದನ್ನೇ. 'ಎಫ್‌ಐಆರ್ ಆಗಿದೆ, ಇನ್ನೂ ಯಾಕೆ ಅರೆಸ್ಟ್ ಮಾಡಿಲ್ಲ?' ಅನ್ನುವ ಟಿವಿ ಚರ್ಚೆಗಳಲ್ಲಿ ಈ ಹೆಜ್ಜೆಯೇ ಕಾಣೆ.

ಬಂಧನ ಆದ ಮೇಲೆ ಮತ್ತೆ 'ಮಾಡಲೇಬೇಕು'ಗಳ ಸಾಲು. ಕಾರಣ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (22ನೇ ವಿಧಿ). ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ತನಿಖೆಯ ಕೊನೆಯಲ್ಲಿ ದೋಷಾರೋಪ ಪಟ್ಟಿ, ಇಲ್ಲವೇ ಸಾಕ್ಷ್ಯ ಸಿಗಲಿಲ್ಲ ಅಂತ ಬಿ ರಿಪೋರ್ಟ್. ಬಿ ರಿಪೋರ್ಟ್ ಹಾಕಿದರೆ ಕಥೆ ಮುಗಿಯಿತು ಅಂತಲೂ ಅಲ್ಲ. ದೂರುದಾರರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಮ್ಯಾಜಿಸ್ಟ್ರೇಟರು ಅದನ್ನು ತಳ್ಳಿಹಾಕಬಹುದು.

ಒಂದು ವಿಚಿತ್ರ

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಆ ಹೇಳಿಕೆಯಿಂದ ವಸ್ತುವೇನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ತನಿಖೆಯನ್ನು ಪೊಲೀಸರ ಕೈಗೆ ಕೊಟ್ಟ ಕಾನೂನೇ ಅವರು ಕೇಳಿಸಿಕೊಂಡ ತಪ್ಪೊಪ್ಪಿಗೆಯನ್ನು ನಂಬುವುದಿಲ್ಲ! ಒತ್ತಾಯದಿಂದ ಹೇಳಿಸುವ ಭಯ ಇದಕ್ಕೆ ಕಾರಣ. ಪೊಲೀಸ್ ಮತ್ತು ಸಮಾಜದ ನಡುವಿನ ನಂಬಿಕೆ ಅಂತ ಪುಟಗಟ್ಟಲೆ ಬರೆಯುವ ಬದಲು ಈ ಒಂದು ಕಲಮು ಉದಾಹರಿಸಿದರೆ ಸಾಕು ಅನಿಸುತ್ತದೆ.

ಅಂಕಿಅಂಶ ಓದುವಾಗ

ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವರದಿಯಲ್ಲಿ ಇರುವುದು ದಾಖಲಾದ ಅಪರಾಧ, ನಡೆದ ಅಪರಾಧ ಅಲ್ಲ. ಒಂದು ಕಡೆ ಜನ ಧೈರ್ಯವಾಗಿ ಠಾಣೆಗೆ ಹೋಗಲು ಶುರು ಮಾಡಿದರೆ ಅಲ್ಲಿಯ ಸಂಖ್ಯೆ ಏರುತ್ತದೆ. ದೂರು ತೆಗೆದುಕೊಳ್ಳದ ಠಾಣೆಯ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಜೊತೆಗೆ ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುತ್ತಾರೆ. ಹಾಗಾಗಿ 'ಅಪರಾಧ ಜಾಸ್ತಿಯಾಯಿತು' ಅಂತ ಬರೆಯುವ ಮುಂಚೆ 'ದಾಖಲಾತಿ ಜಾಸ್ತಿಯಾಯಿತಾ?' ಅಂತ ಕೇಳಿಕೊಳ್ಳಿ.

ಪೊಲೀಸರ ಮೇಲೆ ಯಾರು?

1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು, 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು. ಹೆಚ್ಚಿನದು ಕಾಗದದಲ್ಲೇ ಉಳಿಯಿತು. ಪೊಲೀಸ್ ಸುಧಾರಣೆ ಜಾರಿಯಾಗಲಿ ಅಂತ ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಏಳನ್ನೂ ಬಾಯಿಪಾಠ ಮಾಡುವುದಕ್ಕಿಂತ ಮೂರು ಗಂಟು ಕಟ್ಟಿಕೊಳ್ಳಿ. ಸರ್ಕಾರದ ಒತ್ತಡ ತಡೆಯಲು ರಾಜ್ಯ ಭದ್ರತಾ ಆಯೋಗ. ಇಷ್ಟ ಬಂದಾಗ ವರ್ಗಾವಣೆ ಮಾಡದಂತೆ ಡಿಜಿಪಿಗೂ ಎಸ್‌ಪಿ, ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ. ಜನರ ದೂರು ಕೇಳಲು ಪೊಲೀಸ್ ದೂರು ಪ್ರಾಧಿಕಾರ. ಉಳಿದವು ಬಹುಪಾಲು ಇವುಗಳ ಸುತ್ತಲೇ ಬರುತ್ತವೆ.

ಈ ಗಂಟುಗಳಿಗೆ ಸೇರದ ನಿರ್ದೇಶನ ಒಂದಿದೆ: ತನಿಖೆಯನ್ನು ಕಾನೂನು-ಸುವ್ಯವಸ್ಥೆಯಿಂದ ಬೇರೆ ಮಾಡುವುದು. ನನಗೆ ಮುಖ್ಯ ಅನಿಸಿದ್ದು ಇದೇ. ಬೇರೆ ಮಾಡದ ಕಡೆ, ಕಳ್ಳತನದ ಮಹಜರು ಬರೆಯುವ ಪಿಎಸ್‌ಐಯೇ ಮೆರವಣಿಗೆ ಬಂದೋಬಸ್ತಿಗೂ ಹೋಗಬೇಕು. ಅವರು ವಾಪಸ್ ಬರುವವರೆಗೆ ತನಿಖೆಯ ಫೈಲು ಠಾಣೆಯ ಬೀರುವಿನಲ್ಲೇ ಇರುತ್ತದೆ.