ಹಿತ್ತಿಲ ತರಕಾರಿಗೆ ಗ್ರೀನ್‌ಹೌಸ್ ಕಟ್ಟುವ ಮೊದಲು

ಕಳೆದ ಏಪ್ರಿಲ್‌ನಲ್ಲಿ ಉಡುಪಿ ಕಡೆಯ ಪರ್ಕಳದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಹಿತ್ತಿಲಲ್ಲಿ ಹೊಸ ಗ್ರೀನ್‌ಹೌಸ್. ಮೇಲೂ ಪ್ಲಾಸ್ಟಿಕ್, ನಾಲ್ಕು ಬದಿಗೂ ಪ್ಲಾಸ್ಟಿಕ್, ಜಿಪ್ ಹಾಕಿದ ಬಾಗಿಲು. "ಗಿಡ ಎಲ್ಲ ಆಳೆತ್ತರ ಬಂದಿದೆ, ಒಂದು ಕಾಯಿ ನಿಲ್ಲುವುದಿಲ್ಲ ಮಾರಾಯ್ರೆ, ಎಂತ ಆಗಿದೆ ನೋಡಿ" ಅಂದರು ಮನೆಯ ಅಕ್ಕ. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಮಂಜು ಹಿಡಿಯಿತು. ಟೊಮೆಟೊದ ಒಂದು ಗೊಂಚಲನ್ನು ಬೆರಳಿನಿಂದ ಮೆಲ್ಲ ತಟ್ಟಿದೆ, ನಾಲ್ಕು ಹೂ ಅಂಗೈಗೆ ಬಿತ್ತು. ಟೊಮೆಟೊ ಹೂವಿನ ತೊಟ್ಟಿನ ನಡುವೆ ಒಂದು ಸಣ್ಣ ಗಂಟು ಇರುತ್ತದೆ. ಆ ಗಂಟು ಹಳದಿಯಾಗಿ ಹೂ ಅಲ್ಲೇ ಕಳಚಿಕೊಂಡಿತ್ತು. ಹೊರಗೆ ಚಿಕ್ಕು ಮರದ ನೆರಳಲ್ಲಿ ಥರ್ಮಾಮೀಟರ್ 34 ಡಿಗ್ರಿ ತೋರಿಸಿತು. ಒಳಗೆ ತೂಗುಹಾಕಿದರೆ 45.

ರೋಗ ಇಲ್ಲ, ಹುಳ ಇಲ್ಲ. ಬರೀ ಸೆಕೆ. ಹಗಲು 32-35 ಡಿಗ್ರಿ ದಾಟಿದರೆ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿಯೇ 25-26 ಡಿಗ್ರಿ ಇರುತ್ತದೆ. ಹೊರಗೆ ನೆಟ್ಟ ಟೊಮೆಟೊವೇ ಆಗ ಒದ್ದಾಡುತ್ತದೆ, ಇನ್ನು ಅದನ್ನು ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಏನಾಗಬೇಕು?

ಗ್ರೀನ್‌ಹೌಸ್ ಹುಟ್ಟಿದ್ದು ಚಳಿ ದೇಶದಲ್ಲಿ. ಬಿಸಿಲನ್ನು ಒಳಗೆ ಬಿಟ್ಟು, ಬೆಚ್ಚಗಾದ ಗಾಳಿಯನ್ನು ಹೊರಗೆ ಹೋಗದಂತೆ ಹಿಡಿದಿಡುವುದೇ ಅದರ ಕೆಲಸ. ಉಡುಪಿ, ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸು. ನಮ್ಮ ಗಿಡಕ್ಕೆ ಬೆಚ್ಚನೆ ಮನೆ ಯಾಕೆ? ಇನ್ನೊಂದು ಉದಾಹರಣೆ ನಿಮ್ಮ ಕಣ್ಣೆದುರೇ ಇದೆ. ಅಡಿಕೆ ತೋಟ ಇರುವವರು ಅಂಗಳದಲ್ಲಿ ಪೈಪ್ ಬಗ್ಗಿಸಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಡಿಕೆ, ಕೊಬ್ಬರಿ ಒಣಗಿಸುತ್ತಾರಲ್ಲ, ಅದೂ ಇದೂ ಕಟ್ಟುವ ರೀತಿಯಲ್ಲಿ ಒಂದೇ. ಅಡಿಕೆ ಒಣಗುವ ಜಾಗದಲ್ಲಿ ಹರಿವೆ ಬದುಕಬೇಕು ಅಂದರೆ ಹೇಗೆ?

ಹಾಗಾದರೆ ನಮ್ಮ ನಿಜವಾದ ಕಷ್ಟ ಯಾವುದು? ಮಳೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಸುರಿಯುತ್ತದೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹನಿಯ ಹೊಡೆತಕ್ಕೆ ಸಸಿ ಮಲಗುತ್ತದೆ, ಮಣ್ಣು ಚಿಮ್ಮಿ ಎಲೆಯ ಅಡಿಗೆ ಅಂಟುತ್ತದೆ, ಆ ಮಣ್ಣಿನ ಜೊತೆ ರೋಗವೂ ಹತ್ತುತ್ತದೆ. ಎಲೆ ದಿನಗಟ್ಟಲೆ ಒದ್ದೆಯಾಗಿಯೇ ಇರುವುದರಿಂದ ಶಿಲೀಂಧ್ರಕ್ಕೆ ಹಬ್ಬ. ಹಾಕಿದ ಗೊಬ್ಬರ ಚರಂಡಿ ಸೇರುತ್ತದೆ. ಇದಕ್ಕೆಲ್ಲ ಬೇಕಾದದ್ದು ಒಂದು ಮಾಡು, ಅಂದರೆ ಮೇಲಿನ ಚಾವಣಿ ಮಾತ್ರ. ಬದಿಗೆ ಏನೂ ಬೇಡ, ಗಾಳಿ ಆಡಲಿ. ಕೇರಳದಲ್ಲಿ ಇಂಥ ಮಾಡಿಗೆ ಮಳೆಮರೆ ಅನ್ನುವ ಅರ್ಥದ ಹೆಸರೇ ಇದೆ. ಅಲ್ಲಿಯ ಮಳೆಯೂ ನಮ್ಮದರಂತೆಯೇ ಅಲ್ವಾ.

ಪರ್ಕಳದಲ್ಲಿ ನಾವು ಮಾಡಿದ್ದೂ ಅದೇ. ನಾಲ್ಕು ಬದಿಯ ಪ್ಲಾಸ್ಟಿಕ್ ಬಿಚ್ಚಿಸಿದೆವು, ಮೇಲಿನದ್ದನ್ನು ಉಳಿಸಿಕೊಂಡೆವು, ಟೊಮೆಟೊ ಕಿತ್ತು ಜೂನ್‌ನಲ್ಲಿ ಕಾಯಿಮೆಣಸು, ಕೊತ್ತಂಬರಿ, ಹರಿವೆ ಹಾಕಿಸಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಮತ್ತೆ ಹೋದಾಗ ಮೆಣಸಿನ ಗಿಡದಲ್ಲಿ ಕಾಯಿ ಇತ್ತು. ಆದರೆ ಅಂಚಿನಲ್ಲಿದ್ದ ಆರು ಗ್ರೋ ಬ್ಯಾಗ್‌ಗಳ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು! ಹೊರಗೆ ಧೋ ಅಂತ ಮಳೆ, ಹಾಗಾಗಿ ನೀರು ಹಾಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಮಾಡಿನ ಅಡಿಯ ಗಿಡಕ್ಕೆ ಜುಲೈಯಲ್ಲೂ ನೀವೇ ನೀರು ಕೊಡಬೇಕು, ಇದನ್ನು ಮರೆಯಬೇಡಿ.

ಇನ್ನು ಯಾವುದಕ್ಕೆ ಮಾಡೂ ಬೇಡ ಅಂತ ಹೇಳುತ್ತೇನೆ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ, ಹಾಗಲ ಇವೆಲ್ಲ ನಮ್ಮ ಅಜ್ಜಿಯರು ಮಳೆಗಾಲದಲ್ಲೇ ಬೆಳೆದದ್ದು. ಏರು ಎತ್ತರ ಮಾಡಿ, ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ ಕೊಟ್ಟು, ಗಟ್ಟಿ ಚಪ್ಪರ ಹಾಕಿದರೆ ಸಾಕು. ಬದನೆ ಬೇಕಾದರೆ ಕಾಲ ನೋಡಿ ನೆಡಿ. ಮಟ್ಟುಗುಳ್ಳ ಬದನೆ ಬೆಳೆಯುವವರು ಮಳೆ ಇಳಿಯುವ ಹೊತ್ತಿಗೆ ನೆಡುತ್ತಾರೆ, ಮಳೆಯ ಜೊತೆ ಜಗಳಕ್ಕೆ ಹೋಗುವುದಿಲ್ಲ. ಮಲ್ಲಿಗೆಗಂತೂ ತೆರೆದ ಬಿಸಿಲೇ ಬೇಕು.

ಕೆಲವರು ಹುಳ ಬಾರದಂತೆ ಸುತ್ತಲೂ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾರೆ. ಸೌತೆ, ಹಾಗಲ, ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಒಳಗೆ ಬಾರದಿದ್ದರೆ ಕಾಯಿ ಹೇಗೆ ಕಟ್ಟುತ್ತದೆ? ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಮುಟ್ಟಿಸಬೇಕು, ಹಾಗಲಕ್ಕೆ ಬೆಳಿಗ್ಗೆ, ಹೀರೆಗೆ ಸಂಜೆ, ದಿನವೂ. ಮೆಣಸು, ಟೊಮೆಟೊ, ಬದನೆಗೆ ಅಷ್ಟು ತೊಂದರೆ ಇಲ್ಲ, ಗಿಡ ಸ್ವಲ್ಪ ಅಲುಗಿದರೆ ಸಾಕು. ನವಿಲು, ಮಂಗನ ಕಾಟ ಇದ್ದರೆ ದೊಡ್ಡ ಕಣ್ಣಿನ ಗಟ್ಟಿ ಬಲೆ ಕಟ್ಟಿ. ಅದರಲ್ಲಿ ಗಾಳಿಯೂ ಬರುತ್ತದೆ, ಜೇನೂ ಬರುತ್ತದೆ. ಹಸಿರು ಶೇಡ್ ನೆಟ್ ಆಂಥೂರಿಯಂ, ಆರ್ಕಿಡ್‌ಗೆ ಒಳ್ಳೆಯದು. ತರಕಾರಿಗೆ ಮಳೆಗಾಲದಲ್ಲಿ ಅದನ್ನು ಹಾಕಲೇಬೇಡಿ. ಮೋಡ ಕವಿದು ಬೆಳಕು ಮೊದಲೇ ಕಡಿಮೆ, ಅದರ ಮೇಲೆ ನೆಟ್ ಬೇರೆ ಬಂದರೆ ಗಿಡ ಬೆಳಕು ಹುಡುಕುತ್ತಾ ಉದ್ದಕ್ಕೆ, ಸಪೂರವಾಗಿ ಹೋಗಿ ಬೀಳುತ್ತದೆ. ನೀಲಿ ಟರ್ಪಾಲಿನ ಕತೆಯೂ ಅಷ್ಟೇ.

ಮಾಡಿಗೆ 200 ಮೈಕ್ರಾನ್‌ನ, ಬಿಸಿಲಿಗೆ ಬೇಗ ಹರಿಯದ ಯುವಿ ಶೀಟ್ ಕೇಳಿ. ಮೂರು ನಾಲ್ಕು ವರ್ಷ ಬರುತ್ತದೆ, ಆದರೆ ವರ್ಷಕ್ಕೊಮ್ಮೆ ಪಾಚಿ ತೊಳೆಯಬೇಕು. ನಡುವೆ 3 ಮೀಟರ್ ಎತ್ತರ ಇರಲಿ. ಚಪ್ಪಟೆ ಮಾಡು ಮಾತ್ರ ಬೇಡವೇ ಬೇಡ. ಒಂದು ಚದರ ಮೀಟರ್‌ನಷ್ಟು ಜಾಗ ಜೋತುಬಿದ್ದು ಅಲ್ಲಿ 10 ಸೆಂ.ಮೀ. ನೀರು ನಿಂತರೆ ನೂರು ಕೆ.ಜಿ. ಭಾರ, ಪೈಪೇ ಬಾಗುತ್ತದೆ. ಇಳಿಜಾರು ಸರಿ ಇದ್ದರೆ ಅದೇ ನೀರು ನಿಮಗೆ ಲಾಭ: 20 ಚದರ ಮೀಟರ್ ಮಾಡಿನಿಂದ 100 ಮಿ.ಮೀ. ಮಳೆಯ ದಿನ 2000 ಲೀಟರ್ ಇಳಿಯುತ್ತದೆ, ಬಾವಿಗೆ ಬಿಡಿ. ಮಲ್ಪೆ, ಕಾಪು, ಸುರತ್ಕಲ್ ಕಡೆ ಕಡಲಿಗೆ ಹತ್ತಿರ ಇದ್ದವರು ಪೈಪಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಉಪ್ಪುಗಾಳಿ ಮೊದಲು ಹಿಡಿಯುವುದು ಕೊರೆದ ತೂತು, ವೆಲ್ಡಿಂಗ್ ಮಾಡಿದ ಜಾಗವನ್ನು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆ ತಾನೆ? ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿಸಿ, ದೊಡ್ಡ ಗಾಳಿಯ ಮುನ್ಸೂಚನೆ ಬಂದರೆ ಶೀಟ್ ಬಿಚ್ಚಿಡಲು ಬರುವ ಹಾಗೆ ಕಟ್ಟಿಸಿ.

ಒಂದು ವಿಷಯ ಒತ್ತಿ ಹೇಳಬೇಕು. ಹಸಿರಾಗಿದ್ದ ಬದನೆ ಅಥವಾ ಟೊಮೆಟೊ ಗಿಡ ಎರಡು ಮೂರು ದಿನದಲ್ಲಿ ಸುಮ್ನೆ ಬಾಡಿ ಸಾಯುತ್ತದೆ ಅಂತಾದರೆ ಅದಕ್ಕೆ ಗ್ರೀನ್‌ಹೌಸ್ ಮದ್ದಲ್ಲ. ಬುಡದ ದಂಟನ್ನು ಗೇಣುದ್ದ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅಲುಗಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ, ಮಣ್ಣಿನಲ್ಲೇ ಇದೆ. ನಮ್ಮ ಹುಳಿ ಮುರಕಲ್ಲು ಮಣ್ಣಿನಲ್ಲಿ ಇದು ಬಹಳ. ಆಗ ದುಡ್ಡು ಹಾಕಬೇಕಾದದ್ದು ಸುಣ್ಣಕ್ಕೆ, ಹೊಸ ಮಣ್ಣಿನ ಚೀಲಕ್ಕೆ, ಸುಂಡೆ ಅನ್ನುವ ಕಾಡುಬದನೆ ಗಿಡಕ್ಕೆ ಕಸಿ ಕಟ್ಟಿದ ಬದನೆ ಸಸಿಗೆ, ಇಲ್ಲವೇ ಸೊರಗು ತಡೆಯುವ ಅರ್ಕಾ ರಕ್ಷಕ್‌ನಂಥ ಟೊಮೆಟೊ ತಳಿಗೆ.

ಅದಕ್ಕೇ ನನ್ನನ್ನು ಕೇಳಿದವರಿಗೆಲ್ಲ ಒಂದು ಮಳೆಗಾಲ ಕಾಯಿರಿ ಅನ್ನುತ್ತೇನೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ ಮುಂಚೆ 2 ಮೀಟರ್ ಅಗಲ, 3 ಮೀಟರ್ ಉದ್ದಕ್ಕೆ ಬಿದಿರಿನ ಕಾಲು ನೆಟ್ಟು ಒಂದು ಶೀಟ್ ಎಳೆಯಿರಿ. ಅದರಡಿ ಹತ್ತು ಮೆಣಸಿನ ಸಸಿ, ಹೊರಗೆ ಹತ್ತು, ಒಂದೇ ದಿನ ನೆಡಿ. ಎರಡೂ ಕಡೆ ಕೊಯ್ದದ್ದನ್ನು ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಚೌತಿ ಹೊತ್ತಿಗೆ ಲೆಕ್ಕ ಹಾಕಿ. ಆಮೇಲೆ ಪೈಪಿನ ಮಾಡು ಬೇಕು ಅನಿಸಿದರೆ ಆ ಕ್ಯಾಲೆಂಡರ್ ಹಿಡಿದುಕೊಂಡು ಬನ್ನಿ, ಎಷ್ಟು ದೊಡ್ಡದು ಸಾಕು ಅಂತ ಒಟ್ಟಿಗೆ ಕೂತು ನೋಡುವ.