ಹೃದ್ರೋಗ, ಶುಗರ್ ಇದ್ದವರಿಗೆ ಸ್ತನ ಕ್ಯಾನ್ಸರ್ ಕೀಮೋ: ಲೆಕ್ಕದ ಕ್ರಮ

ಈ ಟಿಪ್ಪಣಿ ನನ್ನಂತೆ ಆಂಕಾಲಜಿ ನರ್ಸಿಂಗ್ ಓದುತ್ತಿರುವವರಿಗೆ. ಸ್ಟೇಜ್, ಗ್ರೇಡ್, ಈಆರ್ (ಗಡ್ಡೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುತ್ತದೆಯೇ), ಹರ್-2 (ಗಡ್ಡೆಯನ್ನು ಬೆಳೆಸುವ ಒಂದು ಪ್ರೋಟೀನ್) ವರದಿ ಓದಲು ಬರುತ್ತದೆ ಎಂದುಕೊಂಡು ಮುಂದಕ್ಕೆ ಹೋಗುತ್ತೇನೆ. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ: 68 ವರ್ಷ, ಆಪರೇಷನ್ ಮುಗಿದಿದೆ, ಈಆರ್ ಪಾಸಿಟಿವ್, ಹರ್-2 ನೆಗೆಟಿವ್. ಹಳೆಯ ಶುಗರ್ ಇದೆ, ಎಕೋದಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) 45%, ಅಂದರೆ ಸಾಮಾನ್ಯಕ್ಕಿಂತ ಕಡಿಮೆ.

ವಾರ್ಡಿನಲ್ಲಿ ಮೊದಲು ಏಳುವ ಪ್ರಶ್ನೆ, "ಇವರ ಹಾರ್ಟ್ ಕೀಮೋ ತಡೆದೀತೇ?" ಅದಕ್ಕೂ ಮೊದಲು ಕೇಳಬೇಕಾದದ್ದು, ಕೀಮೋದಿಂದ ಇವರಿಗೆ ಸಿಗುವುದೆಷ್ಟು ಎಂದು. ನೂರಕ್ಕೆ ಒಬ್ಬರಿಗೆ ಮಾತ್ರ ಲಾಭವಾಗುವುದಾದರೆ ಹೃದಯದ ಚರ್ಚೆಯೇ ಬೇಕಾಗದಿರಬಹುದು.

ಇಲ್ಲಿ ನಿಧಾನವಾಗಿ ಓದಿ. ಆಂಥ್ರಾಸೈಕ್ಲಿನ್ ಅಥವಾ ಟ್ಯಾಕ್ಸೇನ್ (ಕೀಮೋ ಔಷಧಿಗಳ ಎರಡು ಗುಂಪು) ಇರುವ ಕೀಮೋ ಸ್ತನ ಕ್ಯಾನ್ಸರ್ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಓದುತ್ತೇವೆ. ಯಾವುದರ ಮೂರನೇ ಒಂದು? ಈಕೆಗೆ 10 ವರ್ಷದಲ್ಲಿ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ನೂರಕ್ಕೆ 18 ಎಂದಿಟ್ಟುಕೊಳ್ಳಿ. ನೇರವಾಗಿ ಲೆಕ್ಕ ಹಾಕಿದರೆ ಕೀಮೋದ ಲಾಭ 6. ಆದರೆ ಈಆರ್ ಪಾಸಿಟಿವ್ ಆದ ಕಾರಣ ಹಾರ್ಮೋನ್ ಮಾತ್ರೆ ಹೇಗೂ ಇದ್ದೇ ಇದೆ. ಅದೂ ಸುಮಾರು ಮೂರನೇ ಒಂದನ್ನು ಇಳಿಸುತ್ತದೆ: 18 ಇದ್ದದ್ದು 12 ಆಯಿತು. ಕೀಮೋ ಕೆಲಸ ಮಾಡುವುದು ಉಳಿದ ಈ 12ರ ಮೇಲೆ. ಅದರ ಮೂರನೇ ಒಂದು 4. ಅಂದರೆ ನೂರು ಜನ ಕೀಮೋ ತೆಗೆದುಕೊಂಡರೆ ಅದರಿಂದ ಹೆಚ್ಚುವರಿಯಾಗಿ ಉಳಿಯುವವರು ನಾಲ್ವರು.

ಇನ್ನೂ ಒಂದು ಮೆಟ್ಟಿಲಿದೆ. ಬೇರೆ ಕಾಯಿಲೆ ಈಕೆಯನ್ನು ಮುಟ್ಟುವುದಿಲ್ಲ ಎಂದುಕೊಂಡರೆ ಮಾತ್ರ ಆ 4 ಸರಿ. ಇದೇ 10 ವರ್ಷದಲ್ಲಿ ನೂರರಲ್ಲಿ 40 ಮಂದಿ ಹೃದಯದ ತೊಂದರೆಯಿಂದಲೇ ಹೋಗುವಂಥ ಗುಂಪಾದರೆ, ಆ ನಾಲ್ವರಲ್ಲಿ ಒಬ್ಬರೋ ಇಬ್ಬರೋ ಆ ನಲವತ್ತರೊಳಗೆ ಬಂದುಬಿಡುತ್ತಾರೆ. ಲಾಭ ಎರಡು ಮೂರಕ್ಕೆ ಇಳಿಯಿತು. ಚಿಕಿತ್ಸೆಯ ಲಾಭ ಅಂದಾಜಿಸುವ ಬ್ರಿಟನ್ನಿನ ಪ್ರಿಡಿಕ್ಟ್ ಲೆಕ್ಕಯಂತ್ರ ಇತರ ಸಾವುಗಳನ್ನು ವಯಸ್ಸು ನೋಡಿ ಸೇರಿಸಿಕೊಳ್ಳುತ್ತದೆ, ಆದರೆ ಈಕೆಯ ಎಕೋ ವರದಿಯನ್ನು ಅದು ಕೇಳುವುದಿಲ್ಲ. ಆ ತಿದ್ದುಪಡಿ ವೈದ್ಯರೇ ಮಾಡಬೇಕು.

ಗಡ್ಡೆಯ ಜೀನ್ ಪರೀಕ್ಷೆ ಕೆಲವೊಮ್ಮೆ ಇಷ್ಟೆಲ್ಲ ಕಷ್ಟ ತಪ್ಪಿಸುತ್ತದೆ. 2018ರಲ್ಲಿ ಪ್ರಕಟವಾದ ಟೇಲರ್‌ಎಕ್ಸ್ ಅಧ್ಯಯನದ ಪ್ರಕಾರ, ಇಂಥದೇ ಕ್ಯಾನ್ಸರ್ ಇದ್ದು ಕಂಕುಳ ಗ್ರಂಥಿಗೆ ಹರಡದ, 50 ದಾಟಿದ ಮಹಿಳೆಯರಲ್ಲಿ ಆಂಕೋಟೈಪ್ ಎಂಬ ಈ ಜೀನ್ ಪರೀಕ್ಷೆಯ ಅಂಕ 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೀಮೋದಿಂದ ಲಾಭ ಕಾಣಲಿಲ್ಲ. ಕಾಯಿಲೆಗಳು ಹಲವು ಇರುವ ರೋಗಿಗೇ ಈ ಪರೀಕ್ಷೆ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊಡುವುದೇ ಎಂದಾದರೆ ಯಾವ ಔಷಧಿ? ಆಂಥ್ರಾಸೈಕ್ಲಿನ್ ಗುಂಪಿನ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಮಾಡುವ ಹಾನಿ ಒಟ್ಟು ಡೋಸ್ ಏರಿದಂತೆ ಏರುತ್ತದೆ. ನಾಲ್ಕು ಸೈಕಲ್ ಎಸಿಯಲ್ಲಿ (ಡಾಕ್ಸೊರುಬಿಸಿನ್ ಜೊತೆ ಸೈಕ್ಲೋಫಾಸ್ಫಮೈಡ್) ಚದರ ಮೀಟರಿಗೆ 240 ಮಿ.ಗ್ರಾಂ ಆಗುತ್ತದೆ. ಗಟ್ಟಿ ಹೃದಯಕ್ಕೆ ಇದು ಸಾಮಾನ್ಯವಾಗಿ ಸರಿ, 45%ಗೆ ಅಲ್ಲ. ಬದಲಿಗೆ ಟ್ಯಾಕ್ಸೇನ್ ಗುಂಪಿನ ಡೋಸಿಟ್ಯಾಕ್ಸೆಲ್ ಜೊತೆ ಸೈಕ್ಲೋಫಾಸ್ಫಮೈಡ್ ಎಂದರೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೊಡಲೇಬೇಕು, ಶುಗರ್ ಏರುತ್ತದೆ. ಕೀಮೋ ದಿನಗಳಿಗೆ ಇನ್ಸುಲಿನ್ ಯೋಜನೆ ಮೊದಲೇ ಬೇಕು. ಶುಗರ್‌ನಿಂದ ಪಾದ ಆಗಲೇ ಜೋಮು ಹಿಡಿದಿದ್ದರೆ ಟ್ಯಾಕ್ಸೇನ್ ಅದನ್ನು ಇನ್ನಷ್ಟು ಕೆಡಿಸುತ್ತದೆ. ಬಿಲಿರುಬಿನ್ (ಲಿವರ್ ಸೋತಾಗ ರಕ್ತದಲ್ಲಿ ಏರುವ ವಸ್ತು) ಹೆಚ್ಚಿದ್ದರೆ ಡೋಸಿಟ್ಯಾಕ್ಸೆಲ್ ಬೇಡ. ಕಿಡ್ನಿ ಸೋತಿದ್ದರೆ ಬೇರೆ ಕೀಮೋ ಔಷಧಿಗಳಾದ ಮೆಥೊಟ್ರೆಕ್ಸೇಟ್, ಕ್ಯಾಪಸಿಟಬಿನ್ (ಮಾತ್ರೆ) ಎರಡೂ ಕಷ್ಟ.

"ಹಾಗಾದರೆ ಹಗುರವಾದ ಮಾತ್ರೆ ಕೀಮೋ ಕೊಡೋಣ" ಎಂಬ ಮಾತು ದಯೆಯಂತೆ ಕೇಳುತ್ತದೆ. 65 ದಾಟಿದ 633 ಮಹಿಳೆಯರ ಅಧ್ಯಯನವೊಂದರಲ್ಲಿ (ಸಿಎಎಲ್‌ಜಿಬಿ 49907, 2009) ಕ್ಯಾಪಸಿಟಬಿನ್ ಒಂದನ್ನೇ ಪಡೆದವರಲ್ಲಿ ರೋಗ ಮರುಕಳಿಸುವ ಅಪಾಯ, ಮಾಮೂಲಿ ಕೀಮೋ ಪಡೆದವರಿಗಿಂತ ಸುಮಾರು ಎರಡರಷ್ಟಿತ್ತು. ಪರಿಣಾಮವಿಲ್ಲದ ಕೀಮೋ ಕೊಟ್ಟು ಸುಸ್ತು, ಭೇದಿ ತರಿಸುವುದಕ್ಕಿಂತ, ಹಾರ್ಮೋನ್ ಮಾತ್ರೆ ಮಾತ್ರ ಎಂದು ಸ್ಪಷ್ಟವಾಗಿ ನಿರ್ಧರಿಸುವುದು ಎಷ್ಟೋ ಮೇಲು.

ಟ್ರಿಪಲ್ ನೆಗೆಟಿವ್‌ಗೆ (ಹಾರ್ಮೋನ್ ಗ್ರಾಹಕಗಳೂ ಹರ್-2ವೂ ನೆಗೆಟಿವ್ ಆದ ಗಡ್ಡೆ) ಈ ಲೆಕ್ಕ ಹೊಂದದು. ಅಲ್ಲಿ ಹಾರ್ಮೋನ್ ಮಾತ್ರೆಯ ಆಸರೆ ಇಲ್ಲ, 18 ಹಾಗೇ 18. ಆಗ ಹೃದ್ರೋಗ ತಜ್ಞರು ಮೊದಲೇ ಔಷಧಿ ಶುರುಮಾಡಿ ಹೃದಯವನ್ನು ಸುಧಾರಿಸಿದ ಮೇಲೆ ಕೀಮೋ ಕೊಡಬೇಕಾಗುತ್ತದೆ. ಹರ್-2 ಪಾಸಿಟಿವ್ ಚಿಕ್ಕ ಗಡ್ಡೆಗೆ ವಾರಕ್ಕೊಮ್ಮೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್, ಜೊತೆಗೆ ಹರ್-2 ತಡೆಯುವ ಔಷಧಿ ಟ್ರಾಸ್ಟುಜುಮಾಬ್ ಒಂದು ದಾರಿ. ಟ್ರಾಸ್ಟುಜುಮಾಬ್ ಕೂಡ ಹೃದಯದ ಬಲ ಕುಗ್ಗಿಸುತ್ತದೆ. ಆದರೆ ನಿಲ್ಲಿಸಿದರೆ ಬಹುತೇಕ ಚೇತರಿಕೆ ಆಗುತ್ತದೆ, ಅದಕ್ಕೇ ಮೂರು ತಿಂಗಳಿಗೊಮ್ಮೆ ಎಕೋ.