10 ಕಿಲೋವಾಟ್ ಮಾತು

2008ರಲ್ಲಿ ಮೆಕ್ಸಿಕೊ ನಗರದ ತ್ಲಾತೆಲೋಲ್ಕೊ ಚೌಕದಲ್ಲಿ ಒಂದು ಮೆಗಾಫೋನ್ ಇಟ್ಟಿದ್ದರು. ಯಾರು ಬೇಕಾದರೂ ಬಂದು ಮಾತಾಡಬಹುದಿತ್ತು. ಮಾತು ಶುರುವಾದ ಕೂಡಲೇ 10 ಕಿಲೋವಾಟ್‌ನ ಸರ್ಚ್‌ಲೈಟ್ ಒಂದು ಮಿನುಗುತ್ತಿತ್ತು. ದನಿ ಏರಿದರೆ ಬೆಳಕು ಜಾಸ್ತಿ, ಸುಮ್ಮನಾದರೆ ಕತ್ತಲು. ಆ ಕಿರಣ ಹತ್ತಿರದ ಎತ್ತರದ ಕಟ್ಟಡದ ನೆತ್ತಿಗೆ ಬೀಳುತ್ತಿತ್ತು. ಅಲ್ಲಿಂದ ಇನ್ನೂ ಮೂರು ಸರ್ಚ್‌ಲೈಟ್‌ಗಳು ಅದೇ ಮಿನುಗನ್ನು ಊರಿನ ಮೂರು ದಿಕ್ಕಿಗೆ ದಾಟಿಸುತ್ತಿದ್ದವು. ಹವೆ ಚೆನ್ನಾಗಿದ್ದರೆ 15 ಕಿ.ಮೀ. ದೂರಕ್ಕೂ ಕಾಣುತ್ತಿತ್ತು.

ಇದನ್ನು ಮಾಡಿದವರು ಮೆಕ್ಸಿಕೊದಲ್ಲಿ ಹುಟ್ಟಿದ ಕಲಾವಿದ ರಫಾಯೆಲ್ ಲೊಸಾನೊ-ಹೆಮ್ಮರ್. ಕೃತಿಯ ಹೆಸರು ‘ವೋಸ್ ಆಲ್ತಾ’. 1968ರ ಅಕ್ಟೋಬರ್ 2ರಂದು, ಒಲಿಂಪಿಕ್ಸ್ ಶುರುವಾಗಲು 10 ದಿನ ಇದ್ದಾಗ, ಇದೇ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗೋಲಿಬಾರ್ ನಡೆದಿತ್ತು. ಎಷ್ಟು ಜನ ಸತ್ತರು ಎಂಬ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ. ಅದರ 40ನೇ ವರ್ಷಕ್ಕೆ ಈ ಕೃತಿ. ಕೂಗಿದರೆ ಬಣ್ಣ ಬದಲಾಗುವ ಗೋಡೆಗಳು ಈಗ ಮಾಲ್‌ಗಳಲ್ಲೂ ಇವೆ, ಎರಡು ಸಲ ಕೂಗಿ ಮುಂದೆ ಹೋಗುತ್ತೇವೆ. ಇಲ್ಲಿ ಹಾಗಾಗದ್ದಕ್ಕೆ ಆ ಜಾಗವೇ ಕಾರಣ ಅನ್ನಿಸುತ್ತದೆ.

ದನಿಯಿಂದ ಬೆಳಕನ್ನು ಆಡಿಸುವುದು ಹೊಸದೇನಲ್ಲ. 1880ರಲ್ಲೇ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೈಂಟರ್ ವಾಷಿಂಗ್ಟನ್‌ನಲ್ಲಿ ಬಿಸಿಲಿನ ಕಿರಣದ ಮೇಲೆ ಮಾತನ್ನು ಸುಮಾರು 213 ಮೀಟರ್ ದೂರ ಕಳಿಸಿದ್ದರು. ತೆಳು ಕನ್ನಡಿಯ ಹಿಂದೆ ಮಾತಾಡಿದರೆ ಅದು ಅದುರುತ್ತಿತ್ತು, ಪ್ರತಿಫಲಿಸಿದ ಬೆಳಕೂ ಅದರ ಜತೆ ಅದುರುತ್ತಿತ್ತು. ಆ ಕಡೆ ಬೆಳಕಿಗೆ ಸ್ಪಂದಿಸುವ ಸೆಲೆನಿಯಮ್ ಎಂಬ ವಸ್ತು ಅದನ್ನು ಹಿಡಿದು ವಿದ್ಯುತ್ತಿನ ಏರಿಳಿತವಾಗಿಸುತ್ತಿತ್ತು, ಟೆಲಿಫೋನ್ ಅದನ್ನು ಮತ್ತೆ ದನಿಯಾಗಿಸುತ್ತಿತ್ತು. ಆದರೆ ಆ ಅದುರಾಟವನ್ನು ಕಣ್ಣು ಹಿಡಿಯಲಾರದು. ನಮ್ಮ ದನಿ ಸೆಕೆಂಡಿಗೆ ನೂರು, ಇನ್ನೂರು ಸಲ ಕಂಪಿಸುತ್ತದೆ. ಬೆಳಕು ಸೆಕೆಂಡಿಗೆ 50-60ಕ್ಕಿಂತ ಜಾಸ್ತಿ ಸಲ ಮಿನುಗಿದರೆ ಸಾಮಾನ್ಯವಾಗಿ ಕಣ್ಣಿಗೆ ಅದು ಒಂದೇ ಸಮ ಉರಿಯುವ ದೀಪ.

ಹಾಗಾಗಿ ಜನಕ್ಕೆ ಕಾಣಬೇಕು ಅಂದರೆ ಕಂಪನ ಬಿಟ್ಟು ಗಟ್ಟಿತನವನ್ನಷ್ಟೇ ಹಿಡಿಯಬೇಕು. ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ತುಣುಕು ತುಣುಕಾಗಿ ದನಿಯನ್ನು ಅಳೆದು, ಪ್ರತಿ ತುಣುಕು ಎಷ್ಟು ಜೋರಾಗಿದೆ ಎಂದಷ್ಟೇ ನೋಡಿದರೆ ಸಾಕು. ನಮ್ಮ ಅದೃಷ್ಟಕ್ಕೆ ಮಾತಿನ ಗಟ್ಟಿತನ ಸೆಕೆಂಡಿಗೆ ನಾಲ್ಕೈದು ಸಲ ಮಾತ್ರ ಏರಿಳಿಯುತ್ತದೆ, ಹೆಚ್ಚುಕಡಿಮೆ ಅಕ್ಷರಕ್ಕೊಂದು ಸಲ. ಬೆಂಗಳೂರು ಎಂದು ಬಿಡಿಸಿ ಹೇಳಿದರೆ ನಾಲ್ಕು ಮಿನುಗು. ಇದು ಕಣ್ಣಿಗೆ ಸಲೀಸು.

ಕಳೆದುಹೋಗುವುದೂ ಬಹಳ. ಹೇಳಿದ್ದು ಯಾರು, ಏನು ಎಂದು ಬೆಳಕು ನೋಡಿ ತಿಳಿಯುವುದಿಲ್ಲ. ಮಂಗಳೂರು ಅಂದರೂ ಅವೇ ನಾಲ್ಕು ಮಿನುಗು! ಅದಕ್ಕೇ ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ಬಾನುಲಿ ರೇಡಿಯೋ ಉನಾಮ್ 96.1 ಎಫ್‌ಎಂನಲ್ಲಿ ಆ ಮಾತನ್ನು ನೇರವಾಗಿ ಬಿತ್ತರಿಸಿತು. 15 ಕಿ.ಮೀ. ದೂರಕ್ಕೆ ದನಿ ಗಾಳಿಯಲ್ಲೇ ಹೋಗಬೇಕಿದ್ದರೆ 44 ಸೆಕೆಂಡ್ ಹಿಡಿಯುತ್ತದೆ, ಅಷ್ಟು ದೂರ ಉಳಿದರೆ ಅಲ್ವಾ! ರೇಡಿಯೋ ಅಲೆಗೂ ಬೆಳಕಿಗೂ ವೇಗ ಒಂದೇ. ಆಕಾಶದ ಮಿನುಗು, ಕಿವಿಯ ಮಾತು ಎರಡೂ ಜತೆಗೇ ಬರಬಲ್ಲವು.

ಸೆನ್ಸಾರ್ ಇರಲಿಲ್ಲ. ಬದುಕುಳಿದವರು ತಮ್ಮ ಕಥೆ ಹೇಳಿದರು, ಕೆಲವರು ಕವಿತೆ ಓದಿದರು, ಮದುವೆಯಾಗ್ತೀಯಾ ಎಂದು ಕೇಳಿದವರೂ ಇದ್ದರು. ಯಾರೂ ಮಾತಾಡದಿದ್ದಾಗ ಚೌಕದ ದೀಪ ಆರಿರುತ್ತಿತ್ತು, ಕಟ್ಟಡದ ಮೇಲಿನ ಮೂರು ದೀಪಗಳು ಮಾತ್ರ 1968ಕ್ಕೆ ಸಂಬಂಧಿಸಿದ ಧ್ವನಿಮುದ್ರಣಗಳಿಗೆ ಮಿನುಗುತ್ತಿದ್ದವು.